ನೀಲಗಂಗವ್ವನಿಗೆ ಇಳಿದ ಪಲ್ಲಕ್ಕಿ

ಬಿಲ್ವಹಾಳ ಮಠದ ಪೂಜ್ಯ ಮೃಡಲಿಂಗ ಸ್ವಾಮಿಗಳು ಒಂದು ಕಂಬಳಿ, ಒಂದು ಪೂಜೆಯ ಬಟ್ಟಲು ಇಷ್ಟರಲ್ಲೇ ಬದುಕಿದವರು. ಪಾದಪೂಜೆಗೆ ಕರೆದ ಭಕ್ತರು ಅವರನ್ನು ಪಲ್ಲಕ್ಕಿಯಲ್ಲಿ ಹೊತ್ತೊಯ್ಯುವುದು ಊರಿನ ವಾಡಿಕೆ. ಪೂಜ್ಯರಿಗೆ ಅದು ಸೇರುತ್ತಿರಲಿಲ್ಲ. ಭಕ್ತರ ಮನಸ್ಸು ನೋಯಬಾರದೆಂದು ಕೂರುತ್ತಿದ್ದರು, ಅಷ್ಟೆ.

ಮೋಟಾರು ಇನ್ನೂ ಆ ಕಡೆ ಸುಳಿಯದ ಕಾಲ. ಊರ ಹಿರಿಯರಾದ ಅಡಿವೆಪ್ಪನವರು ಮೊಮ್ಮಗನ ತೊಟ್ಟಿಲ ಕಾರ್ಯವನ್ನು ಹರಕೆಯಂತೆ ದಿನ್ನೆಯ ಮೇಲಿನ ಬಸವಣ್ಣನ ಗುಡಿಯಲ್ಲಿ ಇಟ್ಟುಕೊಂಡಿದ್ದರು. ಮಗುವಿಗೆ ಹೆಸರಿಡಲು ಪೂಜ್ಯರು ಬರಬೇಕು. ಪಲ್ಲಕ್ಕಿ ಬಂತು, ಹೊರಲು ನಾಲ್ವರು ಗಟ್ಟಿಗರು ಬಂದರು, ಮುಂದೆ ಸಮ್ಮಾಳ ಬಾರಿಸುವವರು ನಡೆದರು.

ಮೆರವಣಿಗೆ ಅಡಿವೆಪ್ಪನವರ ಮನೆಯ ಮುಂದೆ ಬಂದಾಗ ಕಟ್ಟೆಯ ಮೇಲೆ ಅವರ ತಾಯಿ ನೀಲಗಂಗವ್ವ ಒಬ್ಬಳೇ ಕುಳಿತಿದ್ದಳು. ನಸುಕಿನಲ್ಲೇ ಮಿಂದು ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಕೈಯಲ್ಲಿ ಮಗುವಿಗೆಂದು ತಾನೇ ಹೊಲಿದ ಕುಲಾವಿ. ಮಂಜಾದ ಕಣ್ಣಿನಿಂದ ಆ ಟೊಪ್ಪಿಗೆ ಹೊಲಿಯಲು ಅವಳಿಗೆ ಮೂರು ತಿಂಗಳು ಹಿಡಿದಿತ್ತು. ಅವಳು ಅದನ್ನು ಪಲ್ಲಕ್ಕಿಯತ್ತ ಚಾಚಿ, ಪೂಜ್ಯರೇ ತಮ್ಮ ಕೈಯಾರೆ ಕೂಸಿಗೆ ತೊಡಿಸಬೇಕೆಂದು ಬೇಡಿದಳು.

ಪೂಜ್ಯರು ಪಲ್ಲಕ್ಕಿ ಇಳಿಸಲು ಹೇಳಿ, ನೀವೇಕೆ ಬರುವುದಿಲ್ಲವೆಂದು ಕೇಳಿದರು.

"ನಾನ ಒಲ್ಲೆ ಅಂದೆ ಯಪ್ಪಾ. ಕಾಲು ಏಳವಲ್ಲವು," ಎಂದಳು ಆಕೆ. ಉಟ್ಟ ಸೀರೆ ಬೇರೆಯೇ ಹೇಳುತ್ತಿತ್ತು.

ಅಡಿವೆಪ್ಪನವರು ಮುಂದೆ ಬಂದು ಕೈಮುಗಿದರು. ಅರವತ್ತು ಮೆಟ್ಟಿಲು, ಬಂಡಿ ಹತ್ತುವುದಿಲ್ಲ, ಹೊತ್ತೊಯ್ಯಲು ಮಂದಿಯಿಲ್ಲ, ಮುದಿಜೀವಕ್ಕೆ ತೊಂದರೆ ಯಾಕೆಂದು ಬಿಟ್ಟೆವು, ಹೋಳಿಗೆ ಮನೆಗೇ ಬರುತ್ತದೆ ಎಂದು ವಿವರಿಸಿದರು. ಎಂಥ ಮಾತು! ಆಕೆಗೆ ತೊಂದರೆಯೆಂದು ಹೇಳಿ ತಮ್ಮ ತೊಂದರೆ ತಪ್ಪಿಸಿಕೊಳ್ಳುವ ಜಾಣತನವಿದು. ಹೋಳಿಗೆಗಾಗಿ ಆ ತಾಯಿ ನಸುಕಿನಲ್ಲಿ ಮಿಂದಿದ್ದಳೇ?

ಪೂಜ್ಯರ ಮುಖ ಕೆಂಪೇರಿತು. ಅವರು ಪಲ್ಲಕ್ಕಿಯಿಂದ ಕೆಳಗಿಳಿದು ಬರಿಗಾಲಲ್ಲಿ ನಿಂತರು.

"ನನ್ನ ಕಾಲು ಗಟ್ಟಿ ಅದಾವ. ನನ್ನ ಹೊರಾಕ ನಾಕು ಮಂದಿ ಸಿಕ್ಕರು. ಈ ತಾಯಿಗೆ ಒಬ್ಬನೂ ಸಿಗಲಿಲ್ಲೇನು ಅಡಿವೆಪ್ಪಾ?"

ಸಮ್ಮಾಳ ನಿಂತುಹೋಯಿತು. ಗುರುಗಳ ಪಲ್ಲಕ್ಕಿಯಲ್ಲಿ ಹೆಣ್ಣುಮಗಳನ್ನು ಕೂರಿಸಿದರೆ ಮಠದ ಮರ್ಯಾದೆ ಏನಾದೀತೆಂದು ಮಠದ ಕಾರಭಾರಿ ಕರವೀರಯ್ಯನವರು ತಡೆಯಲು ಬಂದರು.

ಪೂಜ್ಯರು ಅವರತ್ತ ತಿರುಗಿ, "ಪಲ್ಲಕ್ಕಿ ನನ್ನ ಹೊತ್ತದ್ದು ಪಟ್ಟ ಆದಮ್ಯಾಲೆ. ಅದಕ್ಕೂ ಮೊದಲ ಹೊತ್ತಾಕಿ ಒಬ್ಬ ತಾಯಿ," ಎಂದರು.

ಪೂಜ್ಯರೇ ಕೈಹಿಡಿದು ನೀಲಗಂಗವ್ವನನ್ನು ಪಲ್ಲಕ್ಕಿಯಲ್ಲಿ ಕೂರಿಸಿದರು. ಹೊರುವವರು ಬಾಗುವಷ್ಟರಲ್ಲಿ ಅಡಿವೆಪ್ಪನವರು ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಮುಂದಿನವನನ್ನು ಸರಿಸಿ ದಂಡಿಗೆಗೆ ತಾವೇ ಹೆಗಲು ಕೊಟ್ಟರು. ಅರವತ್ತು ಮೆಟ್ಟಿಲು ಹತ್ತುವಾಗ ಅವರು ಅಳುತ್ತಿದ್ದುದನ್ನು ಊರೆಲ್ಲ ನೋಡಿತು. ಪೂಜ್ಯರು ಹಿಂದೆ ನಡೆದು ಬಂದರು. ಕುಲಾವಿಯನ್ನು ಮಗುವಿಗೆ ನೀಲಗಂಗವ್ವನೇ ತೊಡಿಸಿದಳು. ಅದು ಕೊಂಚ ದೊಡ್ಡದಾಗಿ ಮಗುವಿನ ಕಣ್ಣಿನ ಮೇಲೆ ಜಾರಿತು. ಅದನ್ನು ಕಂಡು ಆಕೆ ಬೊಚ್ಚುಬಾಯಿ ತುಂಬ ನಕ್ಕಳು.

ಪೂಜ್ಯರು ಮತ್ತೆಂದೂ ಪಲ್ಲಕ್ಕಿ ಏರಲಿಲ್ಲ. ಆದರೆ ಅದು ಮೂಲೆ ಸೇರಲೂ ಇಲ್ಲ. ಯಾರದೇ ಮನೆಯ ಕಾರ್ಯದ ದಿನ ಅಡಿವೆಪ್ಪನವರು ಬೆಳಿಗ್ಗೆಯೇ ಮಠಕ್ಕೆ ಬಂದು ಪಲ್ಲಕ್ಕಿ ತೆಗೆಸುತ್ತಿದ್ದರು. ನೀಲಗಂಗವ್ವ ಲಿಂಗೈಕ್ಯಳಾದ ಮೇಲೂ ಅದನ್ನು ಬಿಡಲಿಲ್ಲ. ಕಾರ್ಯದವರ ಬಾಗಿಲಲ್ಲಿ ನಿಂತು ಅವರು ಕೇಳುತ್ತಿದ್ದುದು ಒಂದೇ ಮಾತು:

"ಒಳಗ ಯಾರನ್ನ ಬಿಟ್ಟು ಹೊಂಟೀರಿ?"