ಕರಿಗಿವಿ ಮೆಲುಕು ಹಾಕಿದ್ದು

ಲೋಕ ಆಗಷ್ಟೇ ಹುಟ್ಟಿತ್ತು. ಗುಡ್ಡಗಳ ಮೈ ಇನ್ನೂ ಹಸಿಯಾಗಿತ್ತು. ಗುಡ್ಡಕ್ಕೂ ಗಾಳಿಗೂ ಮಾತು ಬರುತ್ತಿತ್ತು.

ಆಗ ಕುರಿಗಳಿಗೆ ಅಗಿಯಲು ಪುರುಸೊತ್ತಿರಲಿಲ್ಲ. ಗಬಗಬನೆ ನುಂಗುವುದಷ್ಟೇ ಗೊತ್ತಿತ್ತು. ಯಾಕೆಂದರೆ ಪೊದೆಯೊಳಗೆ ತೋಳ ಇರುತ್ತಿತ್ತು. ಕರಿಗಿವಿ ಎಂಬ ಕುರಿಯ ಅಕ್ಕ ಒಮ್ಮೆ ಮೇಯಲು ಬಗ್ಗಿಸಿದ ತಲೆಯನ್ನು ಮತ್ತೆ ಎತ್ತಲೇ ಇಲ್ಲ. ಅಂದಿನಿಂದ ಕರಿಗಿವಿ ಒಂದು ಬಾಯಿ ಮೇಯುವಳು, ಬೆದರಿ ನೋಡುವಳು. ಮತ್ತೊಂದು ಬಾಯಿ ಮೇಯುವಳು, ಮತ್ತೆ ಬೆದರಿ ನೋಡುವಳು.

ನುಂಗಿದ ಹುಲ್ಲು ಹುಲ್ಲಾಗಿಯೇ ಹಿಂದೆ ಬೀಳುತ್ತಿತ್ತು. ಹಸಿವು ಹಿಂಗುತ್ತಿರಲಿಲ್ಲ. ಗುಡ್ಡ ಬೋಳಾಗುತ್ತ ಬಂತು.

ಒಂದು ದಿನ ಗುಡ್ಡ ಗುಡುಗಿತು. “ಗಾಳೀ, ಇವಳು ತಿಂದದ್ದೆಷ್ಟು, ಹಾಕಿದ್ದೆಷ್ಟು, ತೂಗಿ ಹೇಳು.”

ಗಾಳಿ ಒಂದು ಕೈಯಲ್ಲಿ ಅವಳು ಮೇಯ್ದಷ್ಟು ಹುಲ್ಲು, ಇನ್ನೊಂದರಲ್ಲಿ ಅವಳು ಹಾಕಿದ್ದನ್ನು ಹಿಡಿದು ತೂಗಿತು. “ಹೆಚ್ಚುಕಮ್ಮಿ ಸಮ, ಗುಡ್ಡಪ್ಪಾ. ಮೈಗೆ ಹತ್ತಿದ್ದು ಏನೂ ಇಲ್ಲ.”

“ನಾಳೆ ಸಂಜೆ ಮತ್ತೆ ತೂಗು. ಆಗಲೂ ಸಮ ಬಂದರೆ ಹುಲ್ಲನ್ನು ಬೇರುಸಹಿತ ಒಳಗೆಳೆದುಕೊಳ್ಳುತ್ತೇನೆ.”

ಕರಿಗಿವಿಯ ಮರಿ ಅವಳ ಬತ್ತಿದ ಕೆಚ್ಚಲಿಗೆ ಗುದ್ದುತ್ತಿತ್ತು. ನಿಂತು ಅಗಿದರೆ ತೋಳ ಹಿಡಿಯುತ್ತದೆ, ಅಗಿಯದಿದ್ದರೆ ಹುಲ್ಲೇ ಇರುವುದಿಲ್ಲ. ಏನು ಮಾಡುವುದು?

ಮರುದಿನ ಮೇಯುತ್ತಿದ್ದಾಗ ಪೊದೆ ಅಲುಗಿತು. ಕರಿಗಿವಿ ಮರಿಯನ್ನು ಮುಂದೆ ತಳ್ಳಿಕೊಂಡು ಎತ್ತರದ ಬೋಳುಬಂಡೆಗೆ ಓಡಿದಳು. ತೋಳ ಅದನ್ನು ಹತ್ತಲಾರದೆ ಸುತ್ತು ಹಾಕಿ, ಕೆಳಗೇ ಕೂತಿತು.

“ಯಾವಾಗಲಾದರೂ ಇಳಿಯಲೇಬೇಕಲ್ಲ,” ಎಂದಿತು ಮೆಲ್ಲಗೆ.

ಭಯಕ್ಕೆ ಕರಿಗಿವಿಯ ಹೊಟ್ಟೆ ತೊಳಸಿತು. ಬೆಳಗ್ಗೆ ನುಂಗಿದ ಹುಲ್ಲು ಬಾಯಿಗೆ ಬಂತು. ಉಗಿದರೆ ಅದೂ ದಂಡ. ತೋಳದ ಮೇಲೆ ನೆಟ್ಟ ಕಣ್ಣು ಕೀಳದೆ ಅವಳು ಅಗಿಯತೊಡಗಿದಳು.

“ಬಾಯಲ್ಲಿ ಏನವ್ವಾ?” ಮರಿ ಕೇಳಿತು.

“ಸುಮ್ಮನೆ ನನಗೆ ಒತ್ತಿಕೊಂಡು ಕೂತಿರು, ಮಗಾ.”

ಹುಲ್ಲು ನುಣ್ಣಗಾಯಿತು, ಸಿಹಿಯಾಯಿತು. ನುಂಗಿದಳು. ಮತ್ತೊಂದು ತುತ್ತು ಮೇಲೆ ಬಂತು. ಅದನ್ನೂ ಅಗಿದಳು. ಬಿಸಿಲು ಇಳಿಯುವವರೆಗೂ ಅಗಿದಳು. ತೋಳ ಕಾದು ಕಾದು ಬೇಸತ್ತು ಎದ್ದುಹೋಯಿತು. ಕೆಚ್ಚಲಲ್ಲಿ ಹಾಲು ತುಂಬಿತು.

ಸಂಜೆ ಗಾಳಿ ಬಂದಾಗ ಬಂಡೆಯ ಮೇಲೆ ಹುಲ್ಲಿನ ಸುಳಿವೇ ಇರಲಿಲ್ಲ. ಕರಿಯ, ಒಣ, ಗುಂಡನೆಯ ಹಿಕ್ಕೆಗಳಿದ್ದವು. ಕೈಗೆತ್ತಿಕೊಂಡರೆ ಭಾರವೇ ಇಲ್ಲ.

“ಈ ಸಲ ಸಮವಿಲ್ಲ, ಗುಡ್ಡಪ್ಪಾ. ತಿಂದದ್ದು ಮೈಗೆ ಹತ್ತಿದೆ,” ಎಂದಿತು ಗಾಳಿ.

“ಮೇಯಿ, ತಾಯಿ,” ಎಂದಿತು ಗುಡ್ಡ.

ಅದಕ್ಕೇ ಇವತ್ತಿಗೂ ಕುರಿ ಅವಸರದಲ್ಲಿ ಮೇಯ್ದು, ಆಮೇಲೆ ಬಯಲಲ್ಲಿ ಕೂತು ಮೆಲುಕು ಹಾಕುತ್ತದೆ; ದವಡೆ ಆಡುತ್ತಿದ್ದರೂ ಅದರ ಕಣ್ಣು ಪೊದೆಯ ಕಡೆಗೇ ಇರುತ್ತದೆ.