ಮೂವತ್ತೇಳನೆಯ ಒಪ್ಪಿಗೆ

ಶಿಷ್ಯ ಕೇಳಿದ: “ಗುರುಗಳೇ, ಒಂದು ಕೆಲಸದಿಂದ ಎಲ್ಲರಿಗೂ ಒಳ್ಳೆಯದಾಗುತ್ತದೆಂದು ಖಚಿತವಾಗಿ ಗೊತ್ತಿದೆ. ಉಳಿದವರೆಲ್ಲ ಒಪ್ಪಿದ್ದಾರೆ, ಒಬ್ಬ ಮಾತ್ರ ಒಪ್ಪುತ್ತಿಲ್ಲ. ಅವನನ್ನು ದಾಟಿ ಹೋದರೆ ತಪ್ಪೇ?”

ಗುರು ಹೇಳಿದರು:

ಕಣ್ಣು ಕಾಣದವರಿಗಾಗಿ ಕೆಲವರು ಸೇರಿ ಒಂದು ತಂತ್ರಾಂಶ ಮಾಡಿದ್ದರು. ಕಂಪ್ಯೂಟರಿನ ಪರದೆಯ ಮೇಲೆ ಬಂದದ್ದನ್ನು ಅದು ಕನ್ನಡದಲ್ಲಿ ಓದಿ ಹೇಳುತ್ತಿತ್ತು. ಯಾರೂ ಸಂಬಳಕ್ಕೆ ಮಾಡಿದ್ದಲ್ಲ. ಅದನ್ನು ಬಳಸುವುದು ಹೇಗೆಂದು ತಿಳಿಸುವ ಕೈಪಿಡಿಯನ್ನೂ ಹಾಗೆಯೇ ಮೂವತ್ತೇಳು ಜನ ಹನ್ನೊಂದು ವರ್ಷಗಳಲ್ಲಿ ಬರೆದಿದ್ದರು. ಕೊನೆಯ ಪುಟದಲ್ಲಿ ಅದರ ಪರವಾನಗಿ ಇತ್ತು: ಯಾರು ಬೇಕಾದರೂ ಓದಬಹುದು, ಹಂಚಬಹುದು, ಬರೆದವರ ಹೆಸರು ತೆಗೆಯಬಾರದು, ಒಂದಕ್ಷರವನ್ನೂ ಬದಲಿಸಬಾರದು.

ಕೈಪಿಡಿಯ ಹೊಣೆ ವಾರಿಜಾ ಎಂಬವಳ ಮೇಲಿತ್ತು. ಒಂದು ಅಕ್ಟೋಬರ್‌ನಲ್ಲಿ ಅಂಧರ ಶಾಲೆಯೊಂದು ಅದನ್ನು ಬ್ರೈಲ್‌ನಲ್ಲಿ ಕೇಳಿತು. ಜೂನ್‌ನಲ್ಲಿ ನಲವತ್ತು ಮಂದಿಯ ಹೊಸ ತರಗತಿ ಶುರುವಾಗಲಿತ್ತು. ತಂತ್ರಾಂಶ ಬಲ್ಲವರಿಗೆ ಅದು ಕೈಪಿಡಿಯನ್ನೂ ಓದಿ ಹೇಳುತ್ತಿತ್ತು, ನಿಜ. ಇನ್ನೂ ಕಲಿಯಬೇಕಾದವರಿಗೆ ಬೆರಳಿಗೆ ಸಿಗುವ ಪುಸ್ತಕವೇ ಬೇಕಲ್ಲ. ಆದರೆ ಚಿತ್ರಗಳನ್ನು ತೆಗೆದು ಅವುಗಳ ಜಾಗದಲ್ಲಿ ಮಾತು ಸೇರಿಸದೆ ಅದನ್ನು ಬ್ರೈಲ್‌ಗೆ ತರುವಂತಿರಲಿಲ್ಲ. ಮುದ್ರಣಾಲಯದವರು ಕೊನೆಯ ಪುಟ ಓದಿ ಪುಸ್ತಕವನ್ನು ಹಿಂದಕ್ಕೆ ಕಳಿಸಿದರು. ಪರವಾನಗಿ ಬದಲಾದರೆ ಮಾತ್ರ ಅಚ್ಚು ಮಾಡುತ್ತೇವೆ ಎಂದರು.

ವಾರಿಜಾ ಹೊಸ ಪರವಾನಗಿ ಆರಿಸಿದಳು. ಹೆಸರು ಉಳಿಸಿ ಯಾರು ಬೇಕಾದರೂ ತಿದ್ದಬಹುದು, ಹಂಚಬಹುದು. ತಿದ್ದಿದ್ದನ್ನೂ ಇದೇ ಷರತ್ತಿನಲ್ಲಿ ಬಿಟ್ಟುಕೊಡಬೇಕು. ಬರಹ ಬರೆದವರದ್ದು, ಹಾಗಾಗಿ ಅವಳು ಮೂವತ್ತೇಳು ಜನಕ್ಕೂ ಪತ್ರ ಬರೆದಳು. ಕೆಲವರು ಅಂದೇ ಒಪ್ಪಿದರು. ಕೆಲವರಿಗೆ ತಾವು ಬರೆದದ್ದೇ ಮರೆತುಹೋಗಿತ್ತು. ಇಬ್ಬರ ವಿಳಾಸ ಹುಡುಕಲು ಎರಡು ತಿಂಗಳು ಹಿಡಿಯಿತು. ಜನವರಿಯ ಹೊತ್ತಿಗೆ ಮೂವತ್ತಾರು ಒಪ್ಪಿಗೆ ಬಂದಿತ್ತು.

ಒಪ್ಪದವನು ಜಿನದತ್ತ, ನಿವೃತ್ತ ಇಂಜಿನಿಯರ್. ಕೀಲಿಮಣೆಯ ಅಧ್ಯಾಯ ಅವನದು. ಅದಿಲ್ಲದೆ ಉಳಿದ ಅಧ್ಯಾಯಗಳು ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಗೆಳೆಯರು ವಾರಿಜಾಗೆ, “ಕೊನೆಯ ಪುಟದ ಸಾಲು ಬದಲಿಸಿಬಿಡು. ಬ್ರೈಲ್ ಪುಸ್ತಕ ಬೇಡವೆಂದು ಯಾರು ಕೋರ್ಟಿಗೆ ಹೋಗುತ್ತಾರೆ?” ಎಂದರು. ಅವಳು ಬಸ್ಸು ಹತ್ತಿ ಜಿನದತ್ತನ ಊರಿಗೆ ಹೋದಳು.

ಅವನು ಕೂರಿಸಿ ಮಜ್ಜಿಗೆ ಕೊಟ್ಟ. “ಮೊದಲು ಈ ಅಧ್ಯಾಯವನ್ನು ಯಾರು ಬೇಕಾದರೂ ತಿದ್ದಲಿ, ಹೆಸರು ಉಳಿಸಿದರೆ ಸಾಕು ಎಂದು ಬಿಟ್ಟಿದ್ದೆ. ಒಬ್ಬ ಅದನ್ನು ಅಲ್ಲಲ್ಲಿ ತಿರುಚಿ, ತನ್ನ ಹೆಸರು ಹಾಕಿ ಪುಸ್ತಕ ಮಾಡಿದ. ಅದನ್ನು ನಂಬಿ ತಪ್ಪು ಕೀಲಿ ಒತ್ತಿದವರು, ಮೂಲ ನನ್ನದೆಂದು ತಿಳಿದು, ನನಗೆ ಫೋನ್ ಮಾಡಿ ಬೈದರು. ಬದಲಿಸಬಾರದು ಎಂಬ ಸಾಲು ಬರೆಸಿದ್ದೇ ನಾನು” ಎಂದ.

“ಹೊಸದರಲ್ಲೂ ಹೆಸರು ತೆಗೆಯುವಂತಿಲ್ಲ.”

“ಆಗಲೂ ತೆಗೆಯುವಂತಿರಲಿಲ್ಲ, ತೆಗೆದರು. ಬೇಡಮ್ಮ.”

ವಾರಿಜಾಗೆ ಸಿಟ್ಟು ಬಂತು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ ಎಂಬುದೂ ತಿಳಿಯಿತು. “ಹಾಗಾದರೆ ನಿಮ್ಮ ಅಧ್ಯಾಯ ಮುಟ್ಟುವುದಿಲ್ಲ. ಬೇರೆ ಬರೆಯುತ್ತೇನೆ” ಎಂದಳು.

“ನನ್ನದನ್ನು ಹತ್ತು ಸಲ ಓದಿದವಳು ನೀನು. ಬರೆಯಲು ಕೂತರೆ ನನ್ನ ವಾಕ್ಯವೇ ಬರುತ್ತದೆ.”

ಊರಿಗೆ ಮರಳಿ ಅವಳು ಪ್ರಯತ್ನಿಸಿದಳು. ಅವನ ಮಾತು ನಿಜವಾಗಿತ್ತು. ಬರೆದ ಹನ್ನೆರಡು ಪುಟ ಹರಿದುಹಾಕಿದಳು. ಇನ್ನು ಬೇಕಾದದ್ದು ತಂತ್ರಾಂಶ ಚೆನ್ನಾಗಿ ಬಲ್ಲ, ಆದರೆ ಆ ಅಧ್ಯಾಯ ಎಂದೂ ಓದದ ಒಬ್ಬರು. ವಿಚಾರಿಸುತ್ತ ವಿಚಾರಿಸುತ್ತ ಹುಸೇನಬಿಯ ಹೆಸರು ಸಿಕ್ಕಿತು. ಹುಟ್ಟಿನಿಂದ ಕಣ್ಣಿಲ್ಲದ ಅವಳು ಒಂದು ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್. ಒಂಬತ್ತು ವರ್ಷಗಳಿಂದ ಆ ತಂತ್ರಾಂಶವನ್ನು ಬಳಸುತ್ತಿದ್ದಳು.

“ಕೈಪಿಡಿ ಓದಿದ್ದೀರಾ?” ಎಂದು ವಾರಿಜಾ ಕೇಳಿದಳು.

“ಕಲಿಯುವಾಗ ಕೈಗೆ ಸಿಗಲಿಲ್ಲ. ಕಲಿತ ಮೇಲೆ ಬೇಕಾಗಲಿಲ್ಲ” ಎಂದಳು ಹುಸೇನಬಿ.

ಏಳು ಭಾನುವಾರ ಹುಸೇನಬಿ ಹೇಳಿದಳು, ವಾರಿಜಾ ಬರೆದಳು. ತನ್ನದೊಂದು ಪದವನ್ನೂ ಸೇರಿಸಲಿಲ್ಲ. ತಿಳಿಯದಿದ್ದಲ್ಲಿ ಮತ್ತೆ ಕೇಳಿದಳು. ಹುಸೇನಬಿ ಪರದೆಯ ಮೂಲೆಯಲ್ಲಿ ಕಾಣುವ ಗುರುತಿನ ಮಾತೇ ಎತ್ತಲಿಲ್ಲ. ಯಾವ ಕೀಲಿಗೆ ಯಾವ ದನಿ, ದನಿ ಬರದಿದ್ದರೆ ಬೆರಳು ಎಲ್ಲಿಗೆ ಹೋಗಬೇಕು, ಅಷ್ಟನ್ನೇ ಹೇಳಿದಳು. ಜಿನದತ್ತನ ಅಧ್ಯಾಯವನ್ನು ಹಳೆಯ ಷರತ್ತಿನಲ್ಲೇ, ಬೇರೆಯಾಗಿ, ಅವನ ಹೆಸರಿನಲ್ಲಿ ಉಳಿಸಿದರು. ಉಳಿದ ಕೈಪಿಡಿಯ ಪರವಾನಗಿ ಬದಲಾಯಿತು.

ಶಾಲೆ ತೆರೆದು ಎರಡು ವಾರ ಕಳೆದ ಮೇಲೆ ಬ್ರೈಲ್ ಪುಸ್ತಕಗಳು ತಲುಪಿದವು. ಆ ಎರಡು ವಾರ ನಲವತ್ತು ಮಂದಿ ಸುಮ್ಮನೆ ಕೂತಿದ್ದರು. ಅದರ ನೋವು ವಾರಿಜಾಗೆ ಇತ್ತು. ಹೊಸ ಅಧ್ಯಾಯದ ಒಂದು ಪ್ರತಿಯನ್ನು ಅವಳು ಜಿನದತ್ತನಿಗೂ ಕಳಿಸಿದಳು.

ತಿಂಗಳಾದ ಮೇಲೆ ಅವನಿಂದ ಒಂದು ಕಾಗದ ಬಂತು. ನಾಲ್ಕನೆಯ ಪುಟದ ಕೀಲಿಯನ್ನು ಹಳೆಯ ಕಂಪ್ಯೂಟರಿನಲ್ಲಿ ಒತ್ತಿದರೆ ದನಿಯೇ ನಿಂತುಹೋಗುತ್ತದೆ, ಮತ್ತೆ ಬರಿಸಲು ಹೀಗೆ ಮಾಡಬೇಕು ಎಂದು ಎರಡು ಸಾಲು ಬರೆದಿದ್ದ. ಕೆಳಗೆ, “ಈ ಎರಡು ಸಾಲನ್ನು ನಿಮ್ಮ ಹೊಸ ಷರತ್ತಿನಲ್ಲೇ ಬಳಸಿಕೊಳ್ಳಿ” ಎಂದಿತ್ತು. ಹುಸೇನಬಿಯನ್ನು ಕೇಳಿ ವಾರಿಜಾ ಅದನ್ನು ಸೇರಿಸಿದಳು.

ಗುರು ನಿಲ್ಲಿಸಿದರು.

“ಹಳೆಯ ಅಧ್ಯಾಯವನ್ನೂ ಬಿಟ್ಟುಕೊಟ್ಟನೆ?” ಎಂದು ಶಿಷ್ಯ ಕೇಳಿದ.

“ಇಲ್ಲ.”

“ಹಾಗಾದರೆ ಒಬ್ಬನ ಹಟಕ್ಕೆ ಅಷ್ಟು ತಿಂಗಳು ಹೋಯಿತು. ಮೂವತ್ತಾರು ಜನ ಒಪ್ಪಿದ್ದರಲ್ಲ?”

ಗುರು ಹೇಳಿದರು: “ಆ ಒಬ್ಬನ ‘ಬೇಡ’ ಲೆಕ್ಕಕ್ಕಿಲ್ಲ ಎಂದಾದರೆ, ಆ ಮೂವತ್ತಾರು ಜನರನ್ನು ಅವಳು ಕೇಳಿದ್ದಾದರೂ ಏನನ್ನು?”