ಪಾರಿ ತಂಗಿಯನ್ನು ಉಳಿಸಿಕೊಂಡದ್ದು

ಲೋಕ ಆಗತಾನೇ ಹುಟ್ಟಿತ್ತು. ಮಣ್ಣಿಲ್ಲ, ನೀರಿಲ್ಲ, ಕಾಗೆಯಿಲ್ಲ, ಗುಬ್ಬಿಯಿಲ್ಲ. ಎಲ್ಲೆಲ್ಲೂ ಸುಡುಸುಡುವ ಬೆಳಕು. ಆ ಬೆಳಕಿನೊಳಗೆ ಸಾಸಿವೆಗಿಂತ, ಧೂಳಿಗಿಂತ, ಧೂಳಿನ ಧೂಳಿಗಿಂತಲೂ ಸಣ್ಣವರು ದಿಕ್ಕಾಪಾಲಾಗಿ ಓಡುತ್ತಿದ್ದರು.

ಅವರಲ್ಲಿ ಪಾರಿ, ನೀಲಿ ಅಂತ ಇಬ್ಬರು ಅಕ್ಕತಂಗಿಯರಿದ್ದರು. ಇಬ್ಬರದೂ ಒಂದೇ ಮೈಕಟ್ಟು. ಅಕ್ಕ ಪಾರಿಯ ಹಣೆಯಲ್ಲಿ ಒಂದು ಬೊಟ್ಟಿತ್ತು, ತಂಗಿ ನೀಲಿಗೆ ಇರಲಿಲ್ಲ.

ಬೊಟ್ಟಿದ್ದವರು ಒಂಟಿಯಾಗಿ ಎಷ್ಟು ಕಾಲ ಬೇಕಾದರೂ ಇರಬಹುದಿತ್ತು. ಬೊಟ್ಟಿಲ್ಲದವರು ಒಂಟಿಯಾಗಿದ್ದರೆ ಸ್ವಲ್ಪ ಹೊತ್ತಿಗೇ ಒಡೆದುಹೋಗುತ್ತಿದ್ದರು. ನೀಲಿಯ ಗೆಳತಿಯರು ಒಬ್ಬೊಬ್ಬರಾಗಿ ಇಲ್ಲವಾಗುವುದನ್ನು ಪಾರಿ ನೋಡುತ್ತಿದ್ದಳು.

“ಅಕ್ಕ, ನನ್ನ ಬಿಡಬೇಡ,” ಅಂದಳು ನೀಲಿ. ಅವಳ ಮೈ ಆಗಲೇ ನಡುಗುತ್ತಿತ್ತು.

ಬಿಡದೆ ಹಿಡಿದುಕೊಳ್ಳೋಣ ಅಂದರೆ ಪಾರಿಗೆ ಕೈಯೆಲ್ಲಿತ್ತು?

“ಯಾರಾದರೂ ಇದ್ದೀರಾ? ನನ್ನ ತಂಗೀನ ಉಳಿಸಿಕೊಡಿ,” ಅಂತ ಅವಳು ಕೂಗಿದಳು.

ಏನೂ ಇಲ್ಲದ ಕಡೆಯಿಂದ ಪಿಳಕ್ಕನೆ ಒಬ್ಬ ಬಂದ. “ನಾನು ಮಿಣುಕ. ನಿನ್ನ ಬೊಟ್ಟನ್ನ ತಂಗಿಗೆ ಒಯ್ದು ಕೊಡ್ತೀನಿ. ಅವಳು ವಾಪಸ್ ಕಳಿಸ್ಲಿ. ಹಾಗೆ ಕೊಟ್ಟು ತಗೊಳ್ತಾ ಇದ್ದರೆ ನೀವಿಬ್ಬರೂ ಒಂಟಿಯಲ್ಲ. ಆದರೆ ನನ್ನ ಆಯುಸ್ಸು...”

ಅಷ್ಟರಲ್ಲಿ ಅವನು ಇಲ್ಲವಾದ.

ಮತ್ತೆ ಬಂದ. “ರೆಪ್ಪೆ ಬಡಿಯುವಷ್ಟೂ ಇಲ್ಲ. ಹತ್ತಿರ ಹೋಗು.”

ಪಾರಿ ಹತ್ತಿರ ಹೋದಳು. ಮಿಣುಕ ಬೊಟ್ಟು ಹಿಡಿದು ಹಾರಿದ, ಅರ್ಧ ದಾರಿಗೇ ಕರಗಿದ. ಬೊಟ್ಟು ಪಾರಿಯ ಹಣೆಗೇ ಮರಳಿತು. ಇನ್ನೂ ಹತ್ತಿರ ಹೋದಳು. ಆಗಲೂ ಮುಟ್ಟಲಿಲ್ಲ. ಇನ್ನೂ ಹತ್ತಿರ, ಇನ್ನೂ ಹತ್ತಿರ. ನಡುವೆ ಉಸಿರು ತೂರುವಷ್ಟೂ ಜಾಗ ಉಳಿಯದಾದಾಗ ಬೊಟ್ಟು ಹೋಗಿ ನೀಲಿಯ ಹಣೆಗೆ ಕೂತಿತು.

“ತಗೋ ಅಕ್ಕ,” ಅಂತ ನೀಲಿ ತಿರುಗಿ ಕಳಿಸಿದಳು.

ಆಗಲೇ ಬೆಳಕು ಬಂದು ದಢಾರನೆ ಬಡಿಯಿತು. ಇಬ್ಬರೂ ಅತ್ತೊಬ್ಬರು ಇತ್ತೊಬ್ಬರು ಚಿಮ್ಮಿಹೋದರು.

“ಬೆಳಕಜ್ಜ, ಯಾಕೆ ಹೀಗೆ ಮಾಡ್ತೀಯ?” ಅಂತ ಪಾರಿ ಕೇಳಿದಳು.

“ಬೇಕೂಂತ ಮಾಡ್ತಿಲ್ಲ ಮಗಳೇ. ನನ್ನ ಮೈ ಕುದೀತಿದೆ, ನಿಲ್ಲೋಕೆ ಆಗಲ್ಲ. ಲೋಕ ಹಿಗ್ಗುತ್ತಾ ಇದೆ. ಇನ್ನೊಂಚೂರು ಹಿಗ್ಗಿದರೆ ನನ್ನ ಕಾವು ಇಳಿಯುತ್ತೆ. ಅಲ್ಲೀತನಕ ತಡ್ಕೋ.”

“ನಾನು ತಡ್ಕೋತೀನಿ ಅಜ್ಜ. ಅವಳು?”

ಬೆಳಕು ಕುದಿಯುತ್ತಲೇ ಮುಂದೆ ಹೋಯಿತು.

ಪಾರಿ ತಂಗಿಯನ್ನು ಹುಡುಕಿಕೊಂಡು ಹೋದಳು. ಸೇರಿದರು, ಬೆಳಕು ಬಡಿಯಿತು, ಚಿಮ್ಮಿದರು. ಮತ್ತೆ ಹುಡುಕಿದಳು. ಸೇರಿದರು, ಚಿಮ್ಮಿದರು. ಪ್ರತಿಸಲ ಸಿಕ್ಕಾಗಲೂ ನೀಲಿಯ ನಡುಕ ಹೆಚ್ಚಾಗಿರುತ್ತಿತ್ತು. ಇನ್ನೊಂದು ಸಲ ಹುಡುಕುವ ಹೊತ್ತಿಗೆ ಇರುತ್ತಾಳೋ ಇಲ್ಲವೋ ಅಂತ ಪಾರಿ ಇನ್ನೂ ಜೋರಾಗಿ ಓಡುತ್ತಿದ್ದಳು.

ಮತ್ತೊಂದು ಸಲ ಸೇರಿದರು. ಬೆಳಕು ಬಂತು, ಬಡಿಯಿತು. ಇಬ್ಬರೂ ಸುಮ್ಮನೆ ಒಮ್ಮೆ ತೂಗಾಡಿದರು, ಅಷ್ಟೇ. ಬಿಡಲಿಲ್ಲ. ಬೆಳಕಿನ ಕಾವು ಇಳಿದಿತ್ತು.

ಮಿಣುಕ ಹೋದ. ಮಿಣುಕ ಬಂದ. ಬೊಟ್ಟು ಹೋಯಿತು, ಬೊಟ್ಟು ಬಂತು. ನೀಲಿಯ ನಡುಕ ನಿಧಾನವಾಗಿ ನಿಂತಿತು.

“ಅಕ್ಕ, ನಾನಿನ್ನೂ ಇದ್ದೀನಾ?”

“ಇದ್ದೀಯ ಕಣೆ,” ಅಂದಳು ಪಾರಿ. ಅವಳ ಹಣೆಯಲ್ಲಿ ಆ ಕ್ಷಣ ಬೊಟ್ಟಿರಲಿಲ್ಲ. ಅವಳಿಗೆ ಅದರ ಯೋಚನೆಯೂ ಬರಲಿಲ್ಲ.

“ಸದ್ಯ, ಇಬ್ಬರೂ ಉಳಿದಿರಲ್ಲ,” ಅಂತ ಬೆಳಕಜ್ಜ ಮೆಲ್ಲಗೆ ಅವರನ್ನು ಸವರಿಕೊಂಡು ಹೋದ.

ಎಷ್ಟೋ ಕಾಲವಾದ ಮೇಲೆ ಲೋಕದಲ್ಲಿ ನೀರು ಹುಟ್ಟಿದಾಗ ಅವರಿಬ್ಬರೂ ಹೋಗಿ ನೀರು ಸೇರಿದರು, ಅವರಂಥ ಎಷ್ಟೋ ಜೋಡಿಗಳೂ ಸೇರಿದವು. ಅದಕ್ಕೇ ಮಗು, ಇವತ್ತಿಗೂ ನೀನು ಲೋಟ ಎತ್ತಿ ನೀರು ಕುಡಿಯುವಾಗ, ಒಂದೊಂದು ಹನಿಯಲ್ಲೂ ಅಂಥ ಅಕ್ಕತಂಗಿಯರು ಯಾರ ಕಣ್ಣಿಗೂ ಬೀಳದ ಮಿಣುಕನ ಕೈಲಿ ಬೊಟ್ಟು ಕಳಿಸುತ್ತಾ, ತರಿಸಿಕೊಳ್ಳುತ್ತಾ, ಒಬ್ಬರನ್ನೊಬ್ಬರು ಬಿಡದೆ ತಣ್ಣಗೆ ನಿನ್ನ ಗಂಟಲಲ್ಲಿ ಇಳಿಯುತ್ತಾರೆ.